ಪಕ್ಕದ ಚುಕ್ಕಿ

ಮೂರನೇ ಮಹಡಿಯಲ್ಲಿ ಅಕ್ಕ ಕಂಪ್ಯೂಟರಿನೊಳಗೆ ಬ್ಯಾಟರಿಗಳನ್ನು ಸುಡುತ್ತಿದ್ದಳು. ಅದೇ ಕಾರ್ಖಾನೆಯ ನೆಲಮಹಡಿಯಲ್ಲಿ ತಂಗಿ ನಿಜವಾದ ಬ್ಯಾಟರಿಗಳಿಗೆ ಮೊದಲ ಚಾರ್ಜು ತುಂಬುತ್ತಿದ್ದಳು. ಮೇಲೆ ಸುಡದೆ ಉಳಿದದ್ದು ಮಾತ್ರ ಕೆಳಗೆ ತಯಾರಾಗಬೇಕು, ಅದು ಕ್ರಮ.

ಬ್ಯಾಟರಿಯ ಎರಡು ಧ್ರುವಗಳು ಒಂದಕ್ಕೊಂದು ತಗುಲದಂತೆ ನಡುವೆ ಒಂದು ಪೊರೆ. ಅದರ ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ. ಅಗ್ಗದ ಪೊರೆ ಬಂದಾಗ ಅಕ್ಕ ಪರದೆಯ ಮೇಲೆ ಅದನ್ನು ಚುಕ್ಕಿಗಳಾಗಿ ಒಡೆದು, ಪ್ರತಿ ಚುಕ್ಕಿಗೂ ಬೇರೆಬೇರೆಯಾಗಿ ದಾಳ ಉರುಳಿಸಿದ ಹಾಗೆ ದಪ್ಪ ಕೊಟ್ಟಳು. ತೆಳು ಚುಕ್ಕಿ ಕಾದರೆ ಪಕ್ಕದ ದಪ್ಪ ಚುಕ್ಕಿಗಳು ಬಿಸಿಯನ್ನು ಹಂಚಿಕೊಂಡವು. ಒಂದು ಬ್ಯಾಟರಿಯೂ ಸುಡಲಿಲ್ಲ. ಬೆನ್ನ ಹಿಂದೆ ಎಲ್ಲರೂ ‘ಸರಾಸರಿ ಸಾಹೇಬ’ ಎನ್ನುತ್ತಿದ್ದ ಮೇಲಧಿಕಾರಿ ಆ ಪೊರೆಗೆ ಖುಷಿಯಿಂದ ಒಪ್ಪಿಗೆ ಕೊಟ್ಟ.

ಆಮೇಲೊಂದು ದಿನ ಅಕ್ಕ ಪೊರೆಯ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತೆಳುತನ ಚದುರಿರಲಿಲ್ಲ, ಪೊರೆ ಒತ್ತಿದ ಸವೆದ ರೋಲರು ಎಳೆದ ಪಟ್ಟೆಗಳಾಗಿ ಒಟ್ಟಿಗೇ ಸಾಗಿತ್ತು. ತೆಳು ಚುಕ್ಕಿಯ ನೆರೆಯೂ ತೆಳುವೇ. ಅದಕ್ಕೆ ತಕ್ಕಂತೆ ಲೆಕ್ಕ ತಿದ್ದಿದಳು. ಪರದೆಯ ಮೇಲೆ ಬ್ಯಾಟರಿ ಹೊತ್ತಿಕೊಂಡಿತು.

ಅಕ್ಕ ಹೋಗಿ ಅದನ್ನು ಹೇಳಿದಾಗ, ಸರಾಸರಿ ದಪ್ಪವೇನಾದರೂ ಬದಲಾಗಿದೆಯೇ ಎಂದು ಸಾಹೇಬ ಕೇಳಿದ. ಇಲ್ಲ ಎಂದಳು. ಹಾಗಾದರೆ ಬಂದಿರುವ ಪೊರೆ ಮುಗಿಯಲಿ, ಆಮೇಲೆ ನೋಡೋಣ ಎಂದು ಊಟಕ್ಕೆ ಎದ್ದ.

ಅಕ್ಕ ಮೆಟ್ಟಿಲಿಳಿದು, ಹೆಂಗಸರು ಸಾಲಾಗಿ ಕೆಲಸ ಮಾಡುತ್ತಿದ್ದ ಚಾರ್ಜಿನ ಕೋಣೆಗೆ ಓಡಿ, ತಂಗಿಯ ಬಳಿ ನಿಂತು ಏದುಸಿರು ಬಿಟ್ಟಳು.

“ಏನೇ, ಮೇಲಿನವರಿಗೆ ಇವತ್ತು ನಮ್ಮ ನೆಲ ಕಂಡಿತಾ?” ಎಂದು ತಂಗಿ ನಕ್ಕಳು.

ಅಕ್ಕ ಕಿವಿಯಲ್ಲಿ ವಿಷಯ ಹೇಳಿ, ಸದ್ದು ಮಾಡದೆ ಹೊರಗೆ ಬಾ ಎಂದಳು. ತಂಗಿಯ ನಗು ಆರಿತು.

“ನನ್ನೊಬ್ಬಳನ್ನೇ ಕರೀತಿದ್ದೀಯಲ್ಲೇ ಅಕ್ಕ. ಇವರೆಲ್ಲ ಏನು, ನಿನ್ನ ಚುಕ್ಕಿಗಳಾ?”

ತಂಗಿಯೇ ಕೂಗಿ ಹೇಳಿದಳು. ಹೆಂಗಸರು ಕೈಗವಸು ಕಿತ್ತೆಸೆದು ಬಾಗಿಲಿಗೆ ನುಗ್ಗಿದರು. ಬ್ಯಾಟರಿ ಜೋಡಿಸಿಟ್ಟ ಕೊನೆಯ ಕಪಾಟಿನ ಹತ್ತಿರ ಇದ್ದ ಮೂವರಿಗೆ ಫ್ಯಾನುಗಳ ಅಬ್ಬರದಲ್ಲಿ ಕೇಳಿಸಲಿಲ್ಲ. ಕರೆಯಲು ತಂಗಿ ತಿರುಗುವಷ್ಟರಲ್ಲಿ ಆ ಕಪಾಟಿನಿಂದ ಬಿಳಿ ಹೊಗೆ ಬುಸುಗುಟ್ಟಿತು. ಅತ್ತ ನುಗ್ಗುತ್ತಿದ್ದ ಅವಳ ತೋಳನ್ನು ಅಕ್ಕ ಎರಡೂ ಕೈಯಲ್ಲಿ ಹಿಡಿದು ಹೊರಗೆಳೆದಳು. ತಂಗಿ ಪರಚಿದಳು, ಕಚ್ಚಿದಳು, ಬಾಯಿಗೆ ಬಂದಂತೆ ಬೈದಳು. ಅಕ್ಕ ಬಿಡಲಿಲ್ಲ. ಬೆಂಕಿ ಆರಿದ ಮೇಲೆ ಒಳಗಿನಿಂದ ಮೂರು ಹೆಣ ಬಂದವು.

ವಿಚಾರಣೆಯಲ್ಲಿ ಸಾಹೇಬ, ಕೋಣೆಯ ಸರಾಸರಿ ತಾಪ ಮಿತಿಯೊಳಗೇ ಇತ್ತು ಎಂದ. ಅವನ ಕುತ್ತಿಗೆ ಪಟ್ಟಿಗೆ ಯಾರೂ ಕೈ ಹಾಕಲಿಲ್ಲ. ಅಕ್ಕ ತನ್ನ ತಪ್ಪನ್ನೂ ಅವನ ಮಾತನ್ನೂ ಹೇಳಿದಳು. ಬರೆದುಕೊಳ್ಳುವವನು ತಪ್ಪನ್ನು ಮಾತ್ರ ಬರೆದುಕೊಂಡ.

ಹೊರಗೆ ಬೆಂಚಿನ ಮೇಲೆ ಸತ್ತವರ ಮನೆಯವರು ಕೂತಿದ್ದರು, ಅವರ ನಡುವೆ ತಂಗಿ. ಅಕ್ಕ ಬಂದು ಎದುರು ನಿಂತಳು. ತಂಗಿ ಸರಿದು ಜಾಗ ಕೊಡಲಿಲ್ಲ.