ಬಾಣದಕ್ಕ

ನಮ್ಮ ಚರ್ಚಿನ ಸಭಾಪಾಲಕರ ಬಿಳಿ ಅಂಗಿಯ ಕಾಲರಿನಲ್ಲಿ, ಎಡಗಡೆ, ಒಂದು ಹೊಲಿಗೆ ಬಿಟ್ಟಿದೆ, ಅವರು ತಲೆ ತಿರುಗಿಸಿದಾಗಲೆಲ್ಲ ಒಂದು ತುಂಡು ದಾರ ಇಣುಕಿ ಮತ್ತೆ ಒಳಗೆ ಹೋಗುತ್ತದೆ, ಬೇರೆ ಯಾರಿಗೂ ಕಾಣುವಂಥದ್ದಲ್ಲ, ನನಗೆ ಕಾಣುತ್ತದೆ, ನನಗೆ ಕಾಣದೆ ಇನ್ಯಾರಿಗೆ, ಇಪ್ಪತ್ತಾರು ವರ್ಷ ಅಂಗಿ ಕಾರ್ಖಾನೆಯ ಕೊನೆಯ ಮೇಜಿನಲ್ಲಿ ನಿಂತು ತಪ್ಪು ಹುಡುಕಿದ ಕಣ್ಣು ಇದು, ಕಾಲರು, ತೋಳು, ಗುಂಡಿ, ಬಗಲು, ಅಂಚು, ಒಂದು ಅಂಗಿಗೆ ನಲವತ್ತು ಸೆಕೆಂಡು, ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರು ಅಂಟಿಸಿ ಎಡಗಡೆಯ ಬುಟ್ಟಿಗೆ ಎಸೆಯುವುದು — ತಂಗಿ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ, ನನ್ನ ಮೊಣಕಾಲಿಗೂ ಅವಳ ಪೆಟ್ಟಿಗೆಗೂ ಒಂದು ಮಾರು ದೂರವಿಲ್ಲ, ಬಡಗಿ ಮುಚ್ಚಳವನ್ನು ಗೋಡೆಗೆ ಒರಗಿಸಿ ಹೊರಗೆ ಹೋಗಿ ಕಾಯುತ್ತಿದ್ದಾನೆ, ನಾನು ಕಾಲರು ನೋಡುತ್ತಿದ್ದೇನೆ. ಸತ್ತವರ ಮನೆಯವರಿಗೆಂದು ಬಿಡುವ ಮೊದಲ ಬೆಂಚಿನಲ್ಲಿ ನಾನೊಬ್ಬಳೇ, ಪಕ್ಕದಲ್ಲಿ ನನ್ನ ಕೈಚೀಲ, ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಯಿತು, ಮನೆಯವರೆಂದರೆ ಇನ್ನು ನಾನು ಮತ್ತು ಈ ಚೀಲ. ಹಿಂದೆ ಕಾರ್ಖಾನೆಯ ಹೆಂಗಸರು ನಾಲ್ಕೈದು ಜನ ಕೂತಿದ್ದಾರೆ, ಅರ್ಧ ದಿನ ರಜೆ ಹಾಕಿ ಬಂದವರು, ನನಗಾಗಿ ಬಂದರೋ ಅರ್ಧ ದಿನಕ್ಕಾಗಿ ಬಂದರೋ ದೇವರಿಗೇ ಗೊತ್ತು, ಅವರೊಳಗೆ ನನಗೊಂದು ಹೆಸರಿದೆ, ಬಾಣದಕ್ಕ, ಬಾಣದಕ್ಕನ ಕಣ್ಣಿಗೆ ಬಿದ್ದ ಬಟ್ಟೆ ಬದುಕಲ್ಲ ಕಣೇ ಎಂದು ಊಟದ ಹೊತ್ತಿಗೆ ನನಗೆ ಕೇಳಿಸುವ ಹಾಗೆಯೇ ನಗುತ್ತಾರೆ, ನನಗೆ ಬೇಜಾರಾಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಹೆಮ್ಮೆಯೇ ಇತ್ತು.

ರಕ್ಷಣೆ ನಮ್ಮ ಕ್ರಿಯೆಗಳಿಂದ ಬರುವುದಲ್ಲ, ಅನ್ನುತ್ತಿದ್ದಾರೆ ಸಭಾಪಾಲಕರು, ನಿಯಮ ಪಾಲಿಸಿದ್ದಕ್ಕೆ ಸಿಗುವ ಕೂಲಿ ಅಲ್ಲ ಅದು, ನಂಬಿದವರಿಗೆ ಸುಮ್ಮನೆ ಸಿಗುವ ಕೊಡುಗೆ, ಈ ನಮ್ಮ ಸಹೋದರಿ ನಂಬಿದಳು, ಅಷ್ಟು ಸಾಕು — ಸಾಕಂತೆ, ಎಷ್ಟು ಸಲೀಸು, ಹಾಗಾದರೆ ನಾನು ಇಷ್ಟು ವರ್ಷ ಮಾಡಿದ್ದೇನು, ಹದಿನಾಲ್ಕನೆಯ ವಯಸ್ಸಿನಿಂದ ಒಂದು ಭಾನುವಾರ ತಪ್ಪಿಸಿಲ್ಲ, ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ಕೂತಿದ್ದೇನೆ, ಶುಕ್ರವಾರದ ಉಪವಾಸ, ಬೆಳಗ್ಗೆ ಸಂಜೆ ಪ್ರಾರ್ಥನೆ, ಓಲೆ ಹಾಕಿಲ್ಲ, ಸಿನಿಮಾ ನೋಡಿಲ್ಲ, ನನ್ನನ್ನು ನೋಡಲು ಬಂದವರಲ್ಲಿ ಒಬ್ಬ ಕುಡಿಯುತ್ತಾನೆಂದು ಬೇಡ ಅಂದೆ, ಇನ್ನೊಬ್ಬ ಪ್ರಾರ್ಥನೆಯ ನಡುವೆ ಆಕಳಿಸಿದನೆಂದು ಬೇಡ ಅಂದೆ, ಮೂರನೆಯವನು ಬರಲೇ ಇಲ್ಲ. ಇವಳೋ, ಇದೇ ಬೆಂಚುಗಳ ಹಿಂದೆ ಕೂತು ನನ್ನ ಜಡೆಗೂ ಪಕ್ಕದವಳ ಜಡೆಗೂ ಗಂಟು ಹಾಕಿ, ಎಲ್ಲರೂ ಎದ್ದು ನಿಲ್ಲುವ ಹೊತ್ತಿಗೆ ಕಾದು ಕಿಸಕ್ಕೆಂದವಳು, ಅಮ್ಮ ಬೈಯಲು ಬಾಯಿ ತೆರೆದು ತಾನೇ ನಕ್ಕುಬಿಡುತ್ತಿದ್ದಳು, ನನ್ನ ಮೇಲೆ ಅಮ್ಮ ಯಾವತ್ತೂ ಸಿಟ್ಟಾಗಲಿಲ್ಲ, ನನ್ನನ್ನು ನೋಡಿ ಹಾಗೆ ನಗಲೂ ಇಲ್ಲ — ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹೆಂಡತಿ ಮಕ್ಕಳಿದ್ದ ಬಸ್ ಡ್ರೈವರನ ಜೊತೆ ಹೋದಳು, ಸಭೆಯವರು ಪಟ್ಟಿಯಿಂದ ಅವಳ ಹೆಸರು ತೆಗೆದುಹಾಕಿದರು, ಅವನು ಬಿಟ್ಟ, ಇವಳು ಕುಡಿತ ಕಲಿತಳು, ಹನ್ನೊಂದು ವರ್ಷದ ಮೇಲೆ ಒಂದು ದಿನ ನನ್ನ ಬಾಗಿಲಲ್ಲಿ ಹಳದಿ ಕಣ್ಣು, ಉಬ್ಬಿದ ಹೊಟ್ಟೆ, ಕೈಯಲ್ಲೊಂದು ಬಟ್ಟೆಯ ಗಂಟು. ಡಾಕ್ಟರು ಆರು ವಾರ ಅಂದರು, ಆರೇ ವಾರ. ನಾನು ನೋಡಿಕೊಂಡೆ, ಯಾರೂ ಬೆರಳು ತೋರಿಸುವಂತಿಲ್ಲ, ಹೊತ್ತುಹೊತ್ತಿಗೆ ಹಾಲು, ಔಷಧಿ, ದಿನಕ್ಕೆರಡು ಸಲ ಹಾಸಿಗೆಯ ಬಟ್ಟೆ, ಆದರೆ ಒಂದೇ ಒಂದು ದಿನ ಪಕ್ಕದಲ್ಲಿ ಕೂತು ತಲೆ ನೇವರಿಸಲಿಲ್ಲ, ಹಾಗೆ ಮಾಡಬೇಕೆಂದು ಯಾರೂ ನನಗೆ ಹೇಳಿರಲಿಲ್ಲ.

ಹತ್ತು ದಿನದ ಹಿಂದೆ, ಭಾನುವಾರ, ನಾನು ಆರಾಧನೆ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದೆ, ಅವಳು ಹಾಸಿಗೆಯಿಂದಲೇ, ಅಕ್ಕ, ಪಾಸ್ಟರಿಗೆ ಹೇಳಿ ರೊಟ್ಟಿ ತರಿಸ್ತೀಯಾ, ಕರ್ತನ ಭೋಜನದ್ದು, ಒಂದು ಚೂರು ಸಾಕು. ಬಸ್ಸಿನಲ್ಲಿ ಕಿಟಕಿ ಸೀಟು ಕೇಳಿದ ಹಾಗೆ ಕೇಳಿದಳು, ನನಗೆ ಮೈಯೆಲ್ಲ ಉರಿಯಿತು, ಹಾಗೆಲ್ಲ ಆಗಲ್ಲ ಅಂದೆ, ಹೆಸರು ತೆಗೆಸಿಕೊಂಡವರು ಮೊದಲು ಸಭೆಯ ಮುಂದೆ ಎದ್ದು ನಿಂತು ತಪ್ಪು ಒಪ್ಪಿಕೋಬೇಕು, ಆಮೇಲೆ ಒಂದು ತಿಂಗಳು ಹಿಂದಿನ ಬೆಂಚು, ಆಮೇಲೆ ರೊಟ್ಟಿ. ಅವಳು ತನ್ನ ಕಾಲು ನೋಡಿಕೊಂಡಳು, ಬಾತು ಹೊಳೆಯುತ್ತಿದ್ದ ಕಾಲು. ನಿಲ್ಲೋಕಾಗಲ್ವಲ್ಲ ಅಕ್ಕ. ಹೇಳ್ಕೊಳ್ಳೋಕೆ ಒಂದು ಒಳ್ಳೇದೂ ಇಲ್ಲ ನನ್ನ ಹತ್ರ. ಆತನ್ನ ನಂಬಿದೀನಿ, ಅಷ್ಟೇ ಇರೋದು. ಸಾಲದಾ. ಸಾಲದು ಅಂದೆ. ಒಂದೇ ಮಾತು, ಮುಖಕ್ಕೆ ಹೊಡೆದ ಹಾಗೆ, ಬುಟ್ಟಿಗೆ ಎಸೆದ ಹಾಗೆ, ಹೇಳಿ ಮುಗಿಸಿ ಚಪ್ಪಲಿ ಗೂಡಿನಲ್ಲಿ ಜೋಡಿಸಿಟ್ಟೆ. ಆಮೇಲೆ ಸಭಾಪಾಲಕರು ಬಂದರು, ಎರಡು ಸಲ, ಬುಧವಾರ ಒಮ್ಮೆ, ಶನಿವಾರ ಒಮ್ಮೆ, ಗೇಟಿನ ಹತ್ತಿರ ಸೈಕಲ್ಲು ಹಿಡಿದುಕೊಂಡೇ, ಹೇಗಿದಾಳಮ್ಮ, ಒಳಗೆ ಬಂದು ಪ್ರಾರ್ಥನೆ ಮಾಡ್ಲಾ, ಏನಾದ್ರೂ ಕೇಳಿದ್ಳಾ ಅಂದರು, ನಿದ್ದೆ ಮಾಡ್ತಿದಾಳೆ ಅಂದೆ, ಎರಡು ಸಲವೂ ಅದನ್ನೇ ಅಂದೆ, ಎರಡು ಸಲವೂ ಅವಳು ಒಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು, ಎರಡನೆಯ ಸಲ ಸೈಕಲ್ಲಿನ ಗಂಟೆ ಕೇಳಿಸಿ, ಯಾರಕ್ಕ ಅದು ಅಂದಳು. ಯಾರೂ ಇಲ್ಲ. ಅಲ್ಲಿಗೆ ಮೂರು ಸುಳ್ಳಾಯಿತು. ನಿಯಮ ನಿಯಮವೇ, ನಾನು ಮಾಡಿದ್ದಲ್ಲ ಅದು, ಹಿರಿಯರು ಮಾಡಿದ್ದು, ನಾನು ಅದನ್ನು ಕಾಪಾಡಿದೆ ಅಷ್ಟೇ, ಯಾರಾದರೂ ಕಾಪಾಡಬೇಕಲ್ಲ — ಇಲ್ಲ, ಇದೂ ಸುಳ್ಳು, ಪೆಟ್ಟಿಗೆಯ ಎದುರು ಕೂತು ಇದನ್ನೂ ಹೇಳಿಕೊಳ್ಳುತ್ತಿದ್ದೇನಲ್ಲ, ಆ ನಿಯಮ ತೆಗೆದು ಮೂರು ವರ್ಷವಾಯಿತು. ಇದೇ ಚರ್ಚಿನ ಹಾಲಿನಲ್ಲಿ, ಆರಾಧನೆ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ಸಭಾಪಾಲಕರು ಕೇಳಿದರು, ಬಿದ್ದವರನ್ನು ಇನ್ನು ನಿಲ್ಲಿಸಿ ನೋಡೋದು ಬೇಡ, ಒಪ್ಪಿಗೆ ಇರುವವರು ಕೈ ಎತ್ತಿ, ಎಲ್ಲರೂ ಎತ್ತಿದರು, ಮೂಳೆ ಮುರಿದ ಕೈಯ ಮುದುಕನೂ ಎಡಗೈ ಎತ್ತಿದ, ನಾನು ಎತ್ತಲಿಲ್ಲ. ಸಭೆ ಕೈಬಿಟ್ಟ ನಿಯಮವನ್ನು ನಾನೊಬ್ಬಳೇ ಮನೆಗೆ ಕೊಂಡುಹೋಗಿ ಇಟ್ಟುಕೊಂಡಿದ್ದೆ. ಹನ್ನೊಂದು ವರ್ಷ ಅವಳು ಬರಲೆಂದು ಪ್ರಾರ್ಥಿಸಿದೆನೋ, ಬಂದಾಗ ಎದ್ದು ನಿಲ್ಲಲೆಂದು ಪ್ರಾರ್ಥಿಸಿದೆನೋ, ಈಗ ಕೇಳಿದರೆ ನನಗೆ ಗೊತ್ತಿಲ್ಲ.

ನಿನ್ನೆ ಬೆಳಗ್ಗೆ, ಮಂಗಳವಾರ, ಮೊದಲ ಪಾಳಿ, ಕೆಲಸದ ಅಂಗಿ ತೊಟ್ಟು, ಎಡ ಮಣಿಕಟ್ಟಿನ ಮೇಲೆ ಹತ್ತು ಹನ್ನೆರಡು ಬಾಣ ಅಂಟಿಸಿಕೊಂಡೆ, ಅದು ನನ್ನ ರೂಢಿ, ಮೇಜಿಗೆ ಹೋದ ಮೇಲೆ ಹಾಳೆ ಬಿಡಿಸುತ್ತ ನಿಂತರೆ ಹೊತ್ತು ದಂಡ — ಔಷಧಿ ಕುಡಿಸಲು ಹೋದೆ, ಅವಳು ಕುಡಿಯಲಿಲ್ಲ, ಎರಡು ಕೈಗಳನ್ನೂ ಹೊದಿಕೆಯಿಂದ ತೆಗೆದು, ಎಡಗೈಯ ಮೇಲೆ ಬಲಗೈ ಇಟ್ಟು, ಬೆರಳು ಸ್ವಲ್ಪ ಮೇಲೆ ಮಡಚಿ, ನನ್ನ ಮುಂದೆ ಹಿಡಿದಳು. ಅರ್ಥವಾಗಲಿಲ್ಲ ಎಂದರೆ ಅದು ಐದನೆಯ ಸುಳ್ಳು, ರೊಟ್ಟಿಗೆ ಕೈ ಹಿಡಿಯುವುದನ್ನು ಅವಳಿಗೆ ಕಲಿಸಿದವಳೇ ನಾನು, ಅವಳಿಗೆ ಆಗ ಹನ್ನೆರಡು, ಹೀಗಲ್ಲ ಕಣೇ, ಬಲಗೈ ಮೇಲೆ, ಬಟ್ಟಲಿನ ಹಾಗೆ, ಏನೂ ಹಿಡಿದುಕೊಂಡಿರಬಾರದು, ಕರ್ಚೀಫೂ ಇರಬಾರದು. ಏನೂ ಇರಲಿಲ್ಲ ಅದರಲ್ಲಿ. ಅಡುಗೆಮನೆಯಲ್ಲಿ ಬ್ರೆಡ್ಡಿತ್ತು, ಒಂದು ಚೂರು ಮುರಿದು ಕೊಟ್ಟಿದ್ದರೂ ಅವಳು ಕೇಳುತ್ತಿರಲಿಲ್ಲ ಎಲ್ಲಿಯದೆಂದು, ಒಂದು ಮಾತು ಹೇಳಬಹುದಿತ್ತು, ಕೈ ಹಿಡಿದುಕೊಳ್ಳಬಹುದಿತ್ತು, ನಾನೇನು ಮಾಡಿದೆ, ಆ ಎರಡೂ ಕೈಗಳನ್ನು ಹಿಡಿದು ಮಗುಚಿದೆ, ಹೊದಿಕೆಯೊಳಗೆ ತುರುಕಿದೆ, ಸುಮ್ನೆ ಮಲಕ್ಕೋ, ನಂಗೆ ಹೊತ್ತಾಯ್ತು. ಬಸ್ಸು ಸಿಕ್ಕಿತು. ನಿನ್ನೆ ಮಧ್ಯಾಹ್ನದ ತನಕ ನಾನೂರ ಹತ್ತು ಅಂಗಿ ನೋಡಿದೆ, ಮೂವತ್ತೊಂದು ವಾಪಸು. ಹನ್ನೊಂದು ಗಂಟೆಗೆ ಹೋದಳಂತೆ, ಪಕ್ಕದ ಮನೆಯ ಇಸ್ತ್ರಿಯವಳು ಜೊತೆಗಿದ್ದಳು, ಕೈ ಆಚೆ ಹಾಕ್ತಾನೇ ಇದ್ಳಕ್ಕ, ನಾನು ಹೊದಿಸಿದ್ರೂ ಹಾಕ್ತಿದ್ಳು, ಚಳಿಯಾಗುತ್ತೆ ಅಂದ್ರೆ ನಕ್ಕಳು. ನಕ್ಕಳಂತೆ. ಹೋಗಿ ನೋಡಿದರೆ ಕೈ ಹಾಗೇ, ಎದೆಯ ಮೇಲೆ, ಬಟ್ಟಲಿನ ಹಾಗೆ, ಬಲ ಅಂಗೈಯ ನಡುವೆ ನನ್ನ ಮಣಿಕಟ್ಟಿನಿಂದ ಬಿದ್ದ ಒಂದು ಕೆಂಪು ಬಾಣ.

ಮೈ ತೊಳೆದದ್ದು ನಾನೇ, ಯಾರನ್ನೂ ಬಿಡಲಿಲ್ಲ, ಮುಖ, ಕುತ್ತಿಗೆ, ಬಾತ ಕಾಲು, ಹೊಟ್ಟೆಯ ನೀಲಿ ನರಗಳು, ಎಲ್ಲ ತೊಳೆದು ಕೈಯ ಹತ್ತಿರ ಬಂದು ನಿಂತುಬಿಟ್ಟೆ, ಆ ಸ್ಟಿಕ್ಕರು ಸುಲಭವಾಗಿ ಬರುತ್ತದೆ, ಬಟ್ಟೆಗೆ ಅಂಟು ಹಿಡಿಯಬಾರದೆಂದೇ ಹಾಗೆ ಮಾಡಿರುತ್ತಾರೆ, ಉಗುರು ತಾಗಿಸಿದರೆ ಸಾಕು, ತಾಗಿಸಲಾಗಲಿಲ್ಲ. ಈಗ ಎಲ್ಲರೂ ಸಾಲಾಗಿ ಬಂದು ನೋಡಿ ಹೋಗುತ್ತಿದ್ದಾರೆ, ಸಭೆಯ ಹಳೆಯ ಅಜ್ಜಿ ಕೋಲೂರಿ ಬಾಗಿ ನೋಡಿ, ಕಣ್ಣು ಸರಿಯಾಗಿ ಕಾಣದ ಅಜ್ಜಿ, ನನ್ನ ಕಡೆ ತಿರುಗಿ ಪಿಸುಗುಟ್ಟಿದಳು, ಅಂಗೈಗೆ ಗಾಯ ಆಗಿತ್ತಾ ಮಗಳೇ. ಹೌದಜ್ಜಿ ಅಂದೆ. ಯಾರು ಮಾಡಿದ್ರು ಎಂದು ಕೇಳಲಿಲ್ಲ. ಅಂಗೈಯ ಗಾಯ ನೋಡಿದ ಮುದುಕಿ ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿ ಹೋದಳು. ತನ್ನೆಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸಿದಂತೆ ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ನನಗೆ ಹೇಳುತ್ತಿದ್ದ, ನನಗೇ ಏಕೆ ಹೇಳುತ್ತಾನೆಂದು ಆಗ ತಿಳಿಯಲಿಲ್ಲ. ರೊಟ್ಟಿ ಕೇಳಿದ್ದನ್ನು ತಂಗಿ ಇಸ್ತ್ರಿಯವಳಿಗೂ ಹೇಳಿದ್ದಳಂತೆ, ಅವಳು ಸಭಾಪಾಲಕರಿಗೆ ಎಲ್ಲ ಹೇಳಿದ್ದಾಳೆ, ಅವರು ಬೆಳಗ್ಗೆ ನನ್ನ ಹತ್ತಿರ ಬಂದು, ಒಂದು ಮಾತು ಹೇಳಿದ್ರೆ ಓಡಿ ಬರ್ತಿದ್ನಲ್ಲಮ್ಮ ಅಂದರು, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಆಮೇಲೆ ಅವರೇ, ಅವಳು ಹಸಿದು ಹೋಗಲಿಲ್ಲ, ದೇವರ ಕೃಪೆಯನ್ನು ಯಾರೂ ರೊಟ್ಟಿಯಲ್ಲಿ ಕಟ್ಟಿಟ್ಟಿಲ್ಲ, ಅವಳು ಚಾಚಿದ ಕೈಯೇ ಸಾಕಿತ್ತು ಅಂದರು. ಅವಳಿಗೆ ಸಾಕಿತ್ತು. ನಾನು ಕೊಡದಿದ್ದರೂ ಅವಳಿಗೆ ಸಿಕ್ಕಿತು, ಅದನ್ನು ನಂಬುತ್ತೇನೆ, ನಂಬಿದರೆ ನನ್ನ ಗತಿ ಏನು ಎಂಬುದೂ ಗೊತ್ತಾಗುತ್ತದೆ, ನನ್ನ ಮೇಜಿನ ಮೇಲೆ ಒಂದು ಹೊಲಿಗೆ ಬಿಟ್ಟ ಅಂಗಿ ತನ್ನ ಉಳಿದ ಹೊಲಿಗೆಗಳನ್ನು ತೋರಿಸಿ ಯಾವತ್ತಾದರೂ ಪಾರಾಗಿದೆಯೇ, ಸರಿಯಾದ ಹೊಲಿಗೆಗೆ ಅಂಟಿಸಲು ನಮ್ಮಲ್ಲಿ ಯಾವ ಸ್ಟಿಕ್ಕರೂ ಇಲ್ಲ.

ಈಗ ತಟ್ಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಾರೆ ಸಭಾಪಾಲಕರು, ಅವಳು ಕೇಳಿದ ರೊಟ್ಟಿಯನ್ನು ಅವಳ ಮುಂದೆಯೇ ಎಲ್ಲರೂ ಹಂಚಿಕೊಳ್ಳೋಣ ಎಂದಿದ್ದಾರೆ, ಮೊದಲು ಅಕ್ಕನಿಗೆ, ಪೆಟ್ಟಿಗೆಯನ್ನು ಸುತ್ತಿ ನನ್ನ ಮುಂದೆ ನಿಂತರು, ಕಾಲರಿನ ದಾರ, ತಟ್ಟೆಯ ಅಂಚು, ಮುರಿದ ರೊಟ್ಟಿ, ತಗೊಳ್ಳಮ್ಮ. ಮೂವತ್ತೆಂಟು ವರ್ಷ ಇದನ್ನು ತೆಗೆದುಕೊಂಡಿದ್ದೇನೆ, ಪ್ರತಿ ಸಲ ನನ್ನ ಹಕ್ಕು ಎಂದುಕೊಂಡೇ, ಸಂಬಳದ ದಿನ ಕೈ ಚಾಚಿದ ಹಾಗೆ, ಇವತ್ತು ಹಾಗೆ ಚಾಚಲು ನನ್ನ ಹತ್ತಿರ ಏನೂ ಇಲ್ಲ, ಇಲ್ಲದಿದ್ದರೇ ಒಳ್ಳೆಯದು, ಇಲ್ಲದವರಿಗೇ ಇದು, ಅವಳಿಗೆ ಕೊಟ್ಟವನು ನನಗೆ ಕೊಡದಿರುತ್ತಾನೆಯೇ, ಕೈ ಮೊಣಕಾಲಿನ ಮೇಲೆ ಬೋರಲಾಗಿ ಬಿದ್ದಿದೆ, ಮಗುಚಬೇಕು, ಅಷ್ಟೇ, ನಿಲ್ಲುವುದೂ ಬೇಡ, ಮಾತೂ ಬೇಡ, ಬಲಗೈ ಮೇಲೆ, ಬಟ್ಟಲಿನ ಹಾಗೆ — ಏಳುತ್ತಿಲ್ಲ, ತಗೊಳ್ಳಮ್ಮ ಅನ್ನುತ್ತಿದ್ದಾರೆ ಇನ್ನೊಂದು ಸಲ, ಮೆಲ್ಲಗೆ, ಹಿಂದೆ ಯಾರೋ ಕೆಮ್ಮಿದರು, ಕರ್ತನೇ, ಹೀಗೆ ಹಿಡಿದಿದ್ದ ಅವಳ ಕೈಯನ್ನಲ್ಲವೇ ನಾನು ಮಗುಚಿದ್ದು, ಅದು ಮತ್ತೆ ಎದ್ದು ಬಂದು ಹಾಗೇ ಹಿಡಿದುಕೊಂಡಿದೆ, ತಟ್ಟೆಯ ಅಂಚಿನಾಚೆ ಕಾಣುತ್ತಿದೆ, ಬಾಣದ ತುದಿ ಯಾವತ್ತೂ ತಪ್ಪಿನ ಕಡೆಗಿರಬೇಕು ಎಂದು ಹೊಸಬರಿಗೆ ಕಲಿಸುವವಳು ನಾನೇ, ತುದಿ ಅವಳ ಕಡೆಗಿಲ್ಲ, ಅಂಗೈ ದಾಟಿ, ಪೆಟ್ಟಿಗೆಯ ಅಂಚು ದಾಟಿ ಈ ಬೆಂಚಿನ ಕಡೆಗೆ, ನಾನು ಮತ್ತು ಚೀಲ ಕೂತ ಬೆಂಚಿನ ಕಡೆಗೆ, ತಗೊಳ್ಳಮ್ಮ, ನನ್ನ ಕೈ ಇನ್ನೂ ಬೋರಲೇ, ಅವಳ ಅಂಗೈ, ಕೆಂಪು ಬಾಣ, ಖಾಲಿ ಅಂಗೈ, ಕೆಂಪು ಬಾಣ, ಅಂಗೈ