ಹೆಣ್ಣಿನ ಮನೆಯಲ್ಲಿ ದುಡಿದವನು

ಬಯಾನಿ ಪ್ರತಿ ಶನಿವಾರ ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ಚಾಟ್ಸ್‌ವರ್ತಿಗೆ ಬಂದು ತಮ್ಮ ಮನೆಗೆಲಸಕ್ಕೆ ನಿಂತಾಗ ವನಜಾಕ್ಷಿಗೆ ಮೊದಲು ಬಂದದ್ದು ನಗು. ಕಾಲೇಜಿನಲ್ಲಿ ಚರಿತ್ರೆ ಕಲಿಸುವ ಫಿಲಿಪಿನೋ ಹುಡುಗ; ಸ್ಪೇನಿನವರು ಕಾಲಿಡುವ ಮುಂಚಿನ ಫಿಲಿಪೈನ್ಸಿನ ಮೇಲೆ ಡಾಕ್ಟರೇಟ್ ಮಾಡಿದವನು. ಅಂಥವನು ಹಿತ್ತಲಿನ ಕಳೆ ಕೀಳುತ್ತಿದ್ದ, ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ಅಕ್ಕಿ ಮೂಟೆ ತಂದು ಹಾಕುತ್ತಿದ್ದ, ಗಾಳಿಗೆ ಬಿದ್ದ ಬೇಲಿ ಎತ್ತಿ ನಿಲ್ಲಿಸುತ್ತಿದ್ದ.

ಮಗಳು ಶ್ರೀಜಾ ಮದುವೆಯಾದರೆ ಇವನನ್ನೇ ಎಂದಿದ್ದಳು. ವನಜಾಕ್ಷಿಯ ಗಂಡ ಯೋಗೀಶ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಉಡುಪಿ ಕಡೆಯ ವ್ಯವಹಾರಸ್ಥ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗ ಬಯಾನಿ ತನ್ನ ಓದಿನಲ್ಲೇ ಒಂದು ದಾರಿ ಹುಡುಕಿಕೊಂಡ. ಹಿಂದೆ ತಮ್ಮ ದ್ವೀಪಗಳಲ್ಲಿ ಹೆಣ್ಣು ಬೇಕಾದವನು ಹೆಣ್ಣಿನ ಮನೆಯಲ್ಲಿ ದುಡಿಯಬೇಕಿತ್ತು. ಪಾದ್ರಿಗಳು ಬಂದು ಅದನ್ನು ಬೇಡವೆಂದರು. ತಾನು ಮಾತ್ರ ಮಾಡುತ್ತೇನೆ ಎಂದ.

ವನಜಾಕ್ಷಿಯ ನಗು ನಿಂತಿತು. ತನ್ನ ಮದುವೆಯಲ್ಲಿ ಅಪ್ಪ ಗಂಡಿನ ಕಡೆಯವರೆದುರು ಕೈಕಟ್ಟಿ ನಿಂತದ್ದನ್ನು ಕಂಡವಳು ಅವಳು. ಮಗಳಿಗಾಗಿ ಒಬ್ಬ ಗಂಡಸು ಬೆವರು ಹರಿಸುವುದು ನೋಡಿ ಅವಳಿಗೆ ಹೇಳಲಾರದಷ್ಟು ಖುಷಿಯಾಯಿತು. ಕಾಫಿ ಕೊಡುವ ನೆಪದಲ್ಲಿ ಅವನನ್ನು ಕೂರಿಸಿಕೊಂಡು ಕಥೆ ಕೇಳುತ್ತಿದ್ದಳು. ದೇವರನ್ನು ಮೈಮೇಲೆ ಕರೆಯುವವರು ಅಲ್ಲಿ ಹೆಚ್ಚಾಗಿ ಹೆಂಗಸರೇ ಆಗಿದ್ದರಂತೆ. ಗಂಡ ಸರಿಯಿಲ್ಲದಿದ್ದರೆ ಬಿಟ್ಟು ನಡೆಯುತ್ತಿದ್ದರಂತೆ. ಆದರೆ ಎಲ್ಲವೂ ಚಿನ್ನವಲ್ಲ ಎಂದೂ ಅವನೇ ಹೇಳಿದ. ಅದೇ ಮನೆಗಳಲ್ಲಿ, ಅದೇ ಕೆಲಸ ಮಾಡುವ ಜೀತದವರೂ ಇದ್ದರಂತೆ.

"ಹಂಗಾದ್ರೆ ಯಾರು ಜೀತದವನು, ಯಾರು ಅಳಿಯ ಆಗೋನು ಅಂತ ಗೊತ್ತಾಗೋದು ಹೇಗಪ್ಪಾ?"

"ಮನೆಯವರು ಹೇಳಬೇಕು, ಆಂಟಿ," ಎಂದು ಅವನು ನಕ್ಕ.

ಹೀಗೇ ವರ್ಷವೊಂದು ಕಳೆಯಿತು. 2023ರ ನವರಾತ್ರಿಯ ಊಟಕ್ಕೆ ಅಲ್ಲೇ ಹತ್ತಿರದಲ್ಲಿದ್ದ ಮಂಗಳೂರು ಮೂಲದ ಬಾಲಕೃಷ್ಣ ಬಂದ. ತನ್ನ ಮಗ ಅಕ್ಷತ್‌ಗೆ ಶ್ರೀಜಾಳನ್ನು ಕೇಳುವ ಇರಾದೆ ಅವನಿಗಿತ್ತು. ಯೋಗೀಶನಿಗೂ ಅದು ಗೊತ್ತಿತ್ತು. ಬಯಾನಿ ಕುರ್ಚಿ ಜೋಡಿಸಿದ್ದ, ಹಿತ್ತಲಲ್ಲಿ ದೊಡ್ಡ ಪಾತ್ರೆ ಉಜ್ಜುತ್ತಿದ್ದ. ಬಾಲಕೃಷ್ಣ ತೆರೆದ ಬಾಗಿಲಿನಿಂದ ಅವನನ್ನು ನೋಡಿದ.

"ಒಳ್ಳೆ ಜನ ಸಿಕ್ಕಿದ್ದಾನೆ ಮಾರಾಯ್ರೆ ನಿಮ್ಗೆ. ನಮ್ಮ ಮನೆಗೂ ಒಂದಿನ ಕಳಿಸಿ, ಆಯ್ತಾ?"

"ಅದಕ್ಕೇನಂತೆ, ಕರ್ಕೊಂಡು ಹೋಗಿ," ಎಂದು ಯೋಗೀಶ ಹಲ್ಲು ಬಿಟ್ಟ.

ಉಜ್ಜುವ ಸದ್ದು ನಿಂತಿತು. ವರ್ಷವಿಡೀ ಈ ಮನೆಯಲ್ಲಿ ಓಡಾಡಿದವನಿಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. ಶ್ರೀಜಾ ಅಪ್ಪನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು. ಅವನು ನಮ್ಮ ಅಳಿಯ ಆಗೋನು ಅಂದಿದ್ದರೆ ಮುಗಿಯುತ್ತಿತ್ತು. ವನಜಾಕ್ಷಿಯ ಬಾಯಲ್ಲಿ ಕಡುಬು ತುರುಕಿದಂತಾಯಿತು. ನಾಳೆ ಕನ್ನಡ ಸಂಘದಲ್ಲಿ ಏನೆನ್ನುತ್ತಾರೋ ಎಂಬ ಹಾಳು ಯೋಚನೆ.

"ಇನ್ನೊಂಚೂರು ಪಾಯಸ ಹಾಕ್ಲಾ?" ಎಂದು ಬಾಲಕೃಷ್ಣನನ್ನು ಕೇಳಿದಳು. ಆ ಪಾಯಸಕ್ಕಿಷ್ಟು ಬೆಂಕಿ ಬೀಳಲಿ!

ಬಯಾನಿ ಪಾತ್ರೆ ತೊಳೆದು ಮುಗಿಸಿದ, ಮಗುಚಿ ಇಟ್ಟ, ಎಲ್ಲರಿಗೂ ಕೈಮುಗಿದು ಹೊರಟ. ಅವನ ಕಾರಿನಲ್ಲಿ ಶ್ರೀಜಾಳೂ ಹೋದಳು. ಡಿಸೆಂಬರಿನಲ್ಲಿ ಮದುವೆಯಾಯಿತೆಂದು ಇವರಿಗೆ ಫೋಟೋ ಬಂತು, ಮದುವೆಗೆ ಕರೆ ಬಂದಿರಲಿಲ್ಲ.

ಯುಗಾದಿಯ ಹೊತ್ತಿಗೆ ವನಜಾಕ್ಷಿಗೆ ತಡೆಯಲಾಗಲಿಲ್ಲ. ಗಂಡನಿಗೆ ಹೇಳದೆ ಒಬ್ಬಳೇ ಸ್ಯಾನ್ ಡಿಯಾಗೋಗೆ ಹೊರಟಳು. ದಾರಿಯುದ್ದಕ್ಕೂ ಅಂದು ಬಾಯಿಗೆ ಬಾರದ ಅದೊಂದೇ ಮಾತನ್ನು ಇಂಗ್ಲಿಷಿನಲ್ಲಿ ಉರುಹೊಡೆದಳು. ಬಾಗಿಲು ತೆರೆದದ್ದು ಬಯಾನಿಯ ಅಜ್ಜಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದರು.

"ನಾನು ವನಜಾಕ್ಷಿ. ಬಯಾನಿ ನಮ್ಮ ಅಳಿಯ."

ಕೊನೆಗೂ ಬಾಯಿ ಬಂದಿತ್ತು. ಅಜ್ಜಿ ಕೈಹಿಡಿದು ಒಳಗೆ ಕರೆದೊಯ್ದಳು. ಬಿಸಿ ಅನ್ನ, ಸೊಪ್ಪಿನ ಸಾರು ಬಡಿಸಿ ಎದುರಿಗೇ ಕೂತು ಉಣ್ಣಿಸಿದಳು. ಒಂದು ಬಿರುನುಡಿ ಆಡಲಿಲ್ಲ. ಕ್ಷಮಿಸಿದ್ದಾರೆ ಅಂದುಕೊಂಡ ವನಜಾಕ್ಷಿಯ ಎದೆ ಹಗುರಾಯಿತು. ಊಟ ಮುಗಿಸಿ ತಟ್ಟೆಗಳನ್ನೆತ್ತಿಕೊಂಡು ಸಿಂಕಿಗೆ ಹೋದಳು, ನಲ್ಲಿ ತಿರುಗಿಸಿದಳು.

ಅಜ್ಜಿ ಹಿಂದಿನಿಂದ ಬಂದು ತಟ್ಟೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ಬಿಡಿ, ನೀವು ಅತಿಥಿ," ಎಂದಳು. "ನಮ್ಮಲ್ಲಿ ಮನೆಯವರು ಮಾತ್ರ ಕೆಲಸ ಮಾಡ್ತಾರೆ."

ವನಜಾಕ್ಷಿ ಒದ್ದೆ ಕೈಯಲ್ಲೇ ಹೋಗಿ ಕುರ್ಚಿಯಲ್ಲಿ ಕೂತು ಅತ್ತಳು.