ಗೊಂಬೆ ಹಬ್ಬಕ್ಕೆ ಹಿಡಿದ ಗ್ರಹಣ

ನಮ್ಮ ಯಜಮಾನರು ಯಜ್ಞನಾರಾಯಣ ಉಪಾಧ್ಯರು ಮಲೇಷ್ಯಾದ ನಿಲಾಯ್‌ನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪ್ರೊಫೆಸರು. ಮನುಷ್ಯನ ಮೈಯಲ್ಲಿ ಎಷ್ಟು ಎಲುಬು, ಯಾವ ನರ ಎಲ್ಲಿ ಹೋಗುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲರು. ಮಗನ ಮನೆಯಲ್ಲಿ ಒಂದು ತುತ್ತು ಅನ್ನ ಉಂಡರೆ ಯಾವ ಎಲುಬು ಮುರಿಯುತ್ತದೆ ಎಂದು ಕೇಳಿದರೆ ಮಾತ್ರ ಉತ್ತರವಿಲ್ಲ.

ಮಗ ರೋಹಿತನಿಗೆ ಕ್ಲಾಂಗ್ ಬಂದರಿನ ಹಡಗು ಕಂಪನಿಯೊಂದರಲ್ಲಿ ಕೆಲಸ. ಮನೆ ಮಾಂಟ್ ಕಿಯಾರಾದಲ್ಲಿ, ಇಪ್ಪತ್ತೆರಡನೇ ಮಹಡಿ. ಅದೇ ಕಂಪನಿಯ ಚಿಹಿರೋ ಎಂಬ ಜಪಾನಿ ಹುಡುಗಿಯನ್ನು ಮದುವೆಯಾಗಿ ಎರಡೂವರೆ ವರ್ಷವಾಯಿತು. ಇವರು ಮದುವೆಗೆ ಬಂದರು, ಅಕ್ಷತೆ ಹಾಕಿದರು, ಫೋಟೋಕ್ಕೆ ನಿಂತರು. ಸೊಸೆ ಕೈಯಾರೆ ಮಾಡಿದ್ದನ್ನು ಮಾತ್ರ ಇವತ್ತಿನವರೆಗೆ ಉಣ್ಣಲಿಲ್ಲ. ಮೀನು ತಿನ್ನುವವರ ಅಡಿಗೆಮನೆ ಎಂಬುದು ಇವರ ತಕರಾರು. ಆ ಹುಡುಗಿ ನಮಗೆಂದೇ ಬೇರೆ ಬಾಣಲೆ, ಬೇರೆ ಸೌಟು ತೆಗೆದಿಟ್ಟಿದ್ದಾಳೆ ಎಂದರೂ ಕೇಳುವವರಲ್ಲ. ಅದನ್ನು ಅವಳ ಎದುರಿಗೆ ಹೇಳುವ ಧೈರ್ಯವೂ ಇಲ್ಲ, ಅದಕ್ಕೇ ಏಕಾದಶಿ. ಲೋಕಕ್ಕೆಲ್ಲ ತಿಂಗಳಿಗೆ ಎರಡು ಏಕಾದಶಿ. ನಮ್ಮ ಇವರಿಗೆ ಮಾಂಟ್ ಕಿಯಾರಾಕ್ಕೆ ಹೋದ ದಿನವೆಲ್ಲ ಏಕಾದಶಿ. ಚಿಹಿರೋ ಬಾಳೆಹಣ್ಣು, ಹಾಲು ತಂದಿಡುತ್ತಿದ್ದಳು.

ಈ ವರ್ಷ ಹಾಗೆ ಜಾರಿಕೊಳ್ಳುವಂತಿರಲಿಲ್ಲ. ಮೊಮ್ಮಗಳು ಮೇಧಾಳಿಗೆ ಹತ್ತು ತಿಂಗಳು. ಜಪಾನಿನಲ್ಲಿ ಮಾರ್ಚ್ ಮೂರಕ್ಕೆ ಹೆಣ್ಣುಮಕ್ಕಳ ಗೊಂಬೆ ಹಬ್ಬ, ಹಿನಾಮತ್ಸುರಿ ಎನ್ನುತ್ತಾರೆ. ಮಗುವಿನ ಮೊದಲ ಹಬ್ಬಕ್ಕೆ ತಾಯಿಯ ತವರಿನವರು ಗೊಂಬೆ ತರಬೇಕು, ಎರಡೂ ಕಡೆಯವರು ಒಟ್ಟಿಗೆ ಕೂತು ಉಣ್ಣಬೇಕು. ಚಿಹಿರೋಳ ತಂದೆ ನಿಶಿಮುರಾ, ಹೆಂಡತಿಯನ್ನು ಕಳೆದುಕೊಂಡ ಮನುಷ್ಯ, ಒಬ್ಬರೇ ಬರುವವರಿದ್ದರು. ಮರುದಿನವೇ ವಾಪಸು.

ಒಂದು ವಾರದ ಮೊದಲು ಚಿಹಿರೋ ಫೋನ್ ಮಾಡಿದಳು. ನನ್ನ ಹತ್ತಿರ ಅವಳು ಕಲಿತಷ್ಟು ಕನ್ನಡದಲ್ಲೇ ಮಾತಾಡುವುದು.

"ಅತ್ತೆ, ಮಾರ್ಚ್ ಮೂರು ಏಕಾದಶಿ ಅಲ್ಲ. ನಾನು ಕ್ಯಾಲೆಂಡರ್ ನೋಡಿದೆ. ಮಾವ ಊಟ ಮಾಡ್ತಾರಾ?"

ಎರಡೂವರೆ ವರ್ಷದಿಂದ ಅವಳಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ನಾಚಿಕೆಯಿಂದ ತಲೆ ತಗ್ಗಿಸುವಂತಾಯಿತು. "ಮಾಡ್ತಾರೆ. ನಾನು ಮಾಡಿಸ್ತೇನೆ" ಎಂದು ಮಾತು ಕೊಟ್ಟುಬಿಟ್ಟೆ.

ಆ ರಾತ್ರಿಯೇ ಇವರು ಊರಿನ ಪಂಚಾಂಗ ಹಿಡಿದುಕೊಂಡು ಲಾಟರಿ ಹೊಡೆದವರಂತೆ ಅಡಿಗೆಮನೆಗೆ ಬಂದರು.

"ಆ ದಿನ ಹುಣ್ಣಿಮೆ. ಚಂದ್ರಗ್ರಹಣ ಉಂಟು ಮಾರಾಯ್ತಿ! ಬೆಳಿಗ್ಗೆಯಿಂದಲೇ ಊಟ ಇಲ್ಲ. ನಂಗೆಂತ ಮಾಡ್ಲಿಕ್ಕೆ ಆಗ್ತದೆ, ಹೇಳು."

ನಾನು ಪಂಚಾಂಗ ಕಸಿದುಕೊಂಡು ಕನ್ನಡಕ ಹಾಕಿ ಓದಿದೆ. "ಸ್ಪರ್ಶ ಮೂರು ಇಪ್ಪತ್ತು, ಮೋಕ್ಷ ಆರು ನಲವತ್ತೇಳು. ಊಟ ಏಳೂವರೆ ಮೇಲೆ. ಎಂತ ತೊಂದರೆ?"

"ಗ್ರಹಣದಲ್ಲಿ ಮಾಡಿದ ಅಡಿಗೆ ಆಗುದಿಲ್ಲ."

"ಮೋಕ್ಷ ಆದ್ಮೇಲೇ ಒಲೆ ಹಚ್ಚುವುದು. ನಾನು ಹತ್ತಿರವೇ ನಿಂತು ನೋಡ್ತೇನೆ. ಮೀನು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಒಂದೂ ಇಲ್ಲ. ಇನ್ನೆಂತ ಉಂಟು?"

ಇನ್ನೇನೂ ಇರಲಿಲ್ಲ. ತಮ್ಮ ಪಂಚಾಂಗದ ಬಲೆಯಲ್ಲಿ ತಾವೇ ಸಿಕ್ಕಿಬಿದ್ದರು. ಮುಖ ಗಂಟು ಹಾಕಿಕೊಂಡು ಸ್ಪರ್ಶ, ಮೋಕ್ಷದ ಸಮಯವನ್ನು ಚೀಟಿಯಲ್ಲಿ ಬರೆದು, ಅದರ ಫೋಟೋ ತೆಗೆದು ರೋಹಿತನಿಗೆ ಕಳಿಸಿದರು. ಚಿಹಿರೋ ಅದನ್ನು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದಳು.

ಆ ಮಂಗಳವಾರ ಹನ್ನೊಂದಕ್ಕೆಲ್ಲ ನಾವು ಅಲ್ಲಿದ್ದೆವು, ಗ್ರಹಣ ಕಾಲದಲ್ಲಿ ಪ್ರಯಾಣ ಕೂಡದಲ್ಲ. ನಿಶಿಮುರಾ ಸೊಂಟ ಬಗ್ಗಿಸಿ ವಂದಿಸಿದರು. ಇವರು ಕೈ ಮುಗಿದರು. ಅವರು ಮತ್ತೆ ಬಗ್ಗಿದರು. ಇವರು ಮತ್ತೆ ಮುಗಿದರು. ರೋಹಿತ ನಡುವೆ ಬಂದು ನಿಲ್ಲಿಸದಿದ್ದರೆ ಸಂಜೆವರೆಗೆ ನಡೆಯುತ್ತಿತ್ತೇನೋ. ಅವರು ತಂದ ಗೊಂಬೆಗಳು ಚಿಹಿರೋಳವೇ, ಅವಳು ಹುಟ್ಟಿದಾಗ ಅವಳ ತಾಯಿ ಆರಿಸಿ ತಂದದ್ದಂತೆ. ಕೆಂಪು ಬಟ್ಟೆಯ ಮೇಲೆ ರಾಜ, ರಾಣಿ ಇಬ್ಬರೇ, ಮೈಸೂರಿನವರ ಪಟ್ಟದ ಗೊಂಬೆಗಳ ಹಾಗೆ ಗಂಭೀರವಾಗಿ ಕೂತಿದ್ದರು. ಮೇಧಾ ರಾಜನ ಟೊಪ್ಪಿಗೆ ಕೈ ಹಾಕಿದಳು. ಅಜ್ಜಂದಿರಿಬ್ಬರೂ ಒಟ್ಟಿಗೆ ಓಡಿ ಬಂದರು.

ಮಧ್ಯಾಹ್ನ ಕಳೆಯುವಾಗ ಇವರ ಹೊಟ್ಟೆಯ ಗುರುಗುಟ್ಟುವಿಕೆ ನನಗೇ ಕೇಳಿಸುತ್ತಿತ್ತು. ಮೂರು ಇಪ್ಪತ್ತಕ್ಕೆ ಸ್ನಾನ ಮಾಡಿ ಜಪಕ್ಕೆ ಕೂತರು. ಎದುರಿಗೆ ನಿಶಿಮುರಾ ಕೂಡ ಮೊಣಕಾಲೂರಿ ಕೂತರು, ಈ ಮನೆಯ ಪದ್ಧತಿ ಎಂದುಕೊಂಡು. ಬೆಳಿಗ್ಗೆಯಿಂದ ಅವರೂ ಏನೂ ಮುಟ್ಟಿರಲಿಲ್ಲ. ಬೀಗರು ಉಣ್ಣದೆ ತಾವು ಹೇಗೆ ಉಣ್ಣುವುದು ಎಂಬ ಸಂಕೋಚ.

ಐದು ಐವತ್ತಕ್ಕೆ ಊರಿನಿಂದ ನನ್ನ ತಂಗಿಯ ವೀಡಿಯೋ ಕಾಲ್ ಬಂತು. ನಾನು ಬಾಲ್ಕನಿಗೆ ಹೋಗಿ ಎತ್ತಿದೆ.

"ಅಕ್ಕಾ, ಮಿಂದಾಯ್ತಾ? ಇಲ್ಲಿ ಈಗಷ್ಟೇ ಸ್ಪರ್ಶ ಆಯ್ತು. ಮೂರು ಇಪ್ಪತ್ತು!"

ನಾನು ಅವಳ ಹಿಂದಿನ ಗೋಡೆ ಗಡಿಯಾರ ನೋಡಿದೆ, ಆಮೇಲೆ ನನ್ನ ಕೈಗಡಿಯಾರ ನೋಡಿದೆ. ನಮ್ಮ ಊರು ಉಡುಪಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ. ಪಂಚಾಂಗ ಅಚ್ಚಾದದ್ದು ಉಡುಪಿಯ ಲೆಕ್ಕಕ್ಕೆ. ಇಲ್ಲಿಗೆ ಬಂದ ನಾಲ್ಕು ವರ್ಷದಿಂದ ನಮ್ಮ ಮನೆಯ ರಾಹುಕಾಲ, ದ್ವಾದಶಿ ಪಾರಣೆ ಎಲ್ಲ ಊರಿನ ಸಮಯವನ್ನೇ ಇಲ್ಲಿನ ಗಡಿಯಾರದಲ್ಲಿ ನೋಡಿ ನಡೆದುಕೊಂಡು ಬಂದಿದೆ. ಪ್ರೊಫೆಸರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಂದರೆ ಗ್ರಹಣ ಇಲ್ಲಿ ಈಗಷ್ಟೇ ಶುರು. ಮೋಕ್ಷ ಒಂಬತ್ತು ಹದಿನೇಳಕ್ಕೆ.

ಹೇಳಬೇಕು ಎಂದು ಒಳಗೆ ಬಂದೆ. ಹೇಳಿದರೆ ಏನಾಗುತ್ತದೆ ಎಂಬುದೂ ಕಣ್ಣಿಗೆ ಕಟ್ಟಿದಂತಿತ್ತು. ಒಂಬತ್ತೂ ಕಾಲರ ಮೇಲೆ ಒಲೆ ಹಚ್ಚುವುದುಂಟೇ, ನಾಳೆ ಎಂಟಕ್ಕೆ ಕ್ಲಾಸ್ ಉಂಟು, ನಡಿ ಹೋಗುವ ಎಂದು ಇವರು ಕಾರಿನ ಕೀ ಎತ್ತಿಕೊಳ್ಳುತ್ತಿದ್ದರು. ಮುಖದಲ್ಲಿ ಸಂಭ್ರಮ ಬೇರೆ. ಅಡಿಗೆಮನೆಯಲ್ಲಿ ಚಿಹಿರೋ ಹೊಸ ಸೌಟು, ಹೊಸ ಪಾತ್ರೆ ಸಾಲಾಗಿ ಜೋಡಿಸಿ, ಫ್ರಿಜ್ಜಿನ ಚೀಟಿ ನೋಡುತ್ತ ಕೈ ಕಟ್ಟಿ ನಿಂತಿದ್ದಳು. ಒಂದು ಕ್ಯಾರೆಟ್ಟನ್ನೂ ಕತ್ತರಿಸಿರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡೆ. ಬಾಲ್ಕನಿಯ ಪರದೆಯನ್ನೂ ಎಳೆದು ಮುಚ್ಚಿದೆ. ದಿನಾ ಸಂಜೆ ಸುರಿಯುವ ಈ ಊರಿನ ಮಳೆಗೆ ಅವತ್ತೇ ರಜೆ ಬೇಕಿತ್ತೇ?

ಆರು ನಲವತ್ತೇಳಕ್ಕೆ ಇವರು "ಮೋಕ್ಷ!" ಎಂದು ಘೋಷಿಸಿ ಎರಡನೇ ಸ್ನಾನಕ್ಕೆ ಹೋದರು. ಚಿಹಿರೋ ಒಲೆ ಹಚ್ಚಿದಳು. ಆ ಹುಡುಗಿಯ ಕೈಚಳಕ ನೋಡಬೇಕು. ಬಿಸಿ ಅನ್ನಕ್ಕೆ ಹುಳಿ, ಸಕ್ಕರೆ, ಉಪ್ಪು ಬೆರೆಸಿ, ಒಂದು ಕೈಯಲ್ಲಿ ಬೀಸಣಿಗೆ ಬೀಸುತ್ತ ಆರಿಸಿದಳು. ಮೇಲೆ ಕ್ಯಾರೆಟ್, ಬೀನ್ಸ್, ತಾವರೆ ದಂಟಿನ ಬಿಲ್ಲೆ. ಮೊಟ್ಟೆಯ ಹಳದಿ ಎಳೆ ಉದುರಿಸುವ ಜಾಗಕ್ಕೆ ಸಿಹಿಗುಂಬಳದ ಎಳೆ. ಈ ಹಬ್ಬಕ್ಕೆ ಕಪ್ಪೆಚಿಪ್ಪಿನ ಸಾರು ಆಗಲೇಬೇಕಂತೆ. ಅವಳು ಚಿಪ್ಪು ಬಿಟ್ಟು, ತಿಳಿಸಾರಿನಲ್ಲಿ ಬೂದುಗುಂಬಳವನ್ನು ಚಿಪ್ಪಿನ ಆಕಾರಕ್ಕೆ ಕೊರೆದು ಹಾಕಿದ್ದಳು. ಮೊದಲ ಬಟ್ಟಲನ್ನು ಗೊಂಬೆಗಳ ಮುಂದೆ ಇಟ್ಟಳು.

ಏಳೂ ಮುಕ್ಕಾಲಿಗೆ ಕೂತೆವು. ಇವರು ಪರಿಷಿಂಚನೆ ಮಾಡಿ, ಆಪೋಶನ ತೆಗೆದುಕೊಂಡು, ಔಷಧಿ ನುಂಗುವವರಂತೆ ಮೊದಲ ತುತ್ತು ಬಾಯಿಗಿಟ್ಟರು. ಚಿಹಿರೋ ಉಸಿರು ಬಿಗಿಹಿಡಿದಿದ್ದಳು. ನಾನೂ ಅಷ್ಟೇ. ಇವರು ಅಗಿದರು, ನುಂಗಿದರು, ಮತ್ತೊಂದು ತುತ್ತು ತೆಗೆದುಕೊಂಡರು.

"ಒಗ್ಗರಣೆ ಇಲ್ಲದ ಚಿತ್ರಾನ್ನ. ಅಡ್ಡಿಯಿಲ್ಲ" ಎಂದರು. ಬಟ್ಟಲು ಐದು ನಿಮಿಷದಲ್ಲಿ ಖಾಲಿ. ತಾವಾಗಿಯೇ ಮುಂದೆ ಒಡ್ಡಿದರು. ನಾನು ಗೆದ್ದೆ ಎಂದುಕೊಂಡೆ.

ಆಗಲೇ ನಿಶಿಮುರಾ ಕೈಗಡಿಯಾರ ನೋಡಿ ಏನೋ ನೆನಪಾದವರಂತೆ ಎದ್ದರು. ಚೀಲದಿಂದ ಒಂದು ಬೈನಾಕ್ಯುಲರ್ ತೆಗೆದು, ಮುಖವರಳಿಸಿ, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಪರದೆಯನ್ನು ಸರ್ರನೆ ಸರಿಸಿದರು.

"ಪ್ರೊಫೆಸರ್ ಸಾನ್! ಎಕ್ಲಿಪ್ಸ್!"

ಎದುರಿನ ಎರಡು ಕಟ್ಟಡಗಳ ನಡುವೆ ಚಂದ್ರ, ಮಾಸಲು ಕೆಂಪು, ಪೂರ್ತಿ ಗ್ರಹಣ ಹಿಡಿದುಕೊಂಡು ಕೂತಿದ್ದ. ಇವರ ಬಾಯಿ ತುಂಬ ಅನ್ನ.

"ಓ ಗಾಡ್" ಎಂದ ರೋಹಿತ, ಫೋನ್ ನೋಡಿ. "ಅಪ್ಪಾ, ಅದು ಇಂಡಿಯನ್ ಟೈಮ್. ನಾವ್ಯಾರೂ ಕನ್ವರ್ಟ್ ಮಾಡ್ಲೇ ಇಲ್ಲ."

ಚಿಹಿರೋಳ ಮುಖ ಬಿಳಚಿತು. ಸೌಟು ಕೆಳಗಿಟ್ಟು ನೆಲಕ್ಕೆ ಬಗ್ಗಿದಳು. "ಕ್ಷಮಿಸಿ ಮಾವ. ನನ್ನ ತಪ್ಪು. ನಾನು ಟೈಮ್ ನೋಡಬೇಕಿತ್ತು."

"ಅವಳ ತಪ್ಪಲ್ಲ" ಎಂದೆ ನಾನು. ಅವಳು ಬಗ್ಗಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಆರು ಗಂಟೆಯ ಮೊದಲೇ ನಂಗೆ ಗೊತ್ತಾಗಿತ್ತು. ಬೇಕೂಂತ್ಲೇ ಹೇಳ್ಲಿಲ್ಲ. ಬೈಯುದಾದ್ರೆ ನನ್ನನ್ನು ಬೈಯಿರಿ."

ಇವರು ನನ್ನನ್ನು ನೋಡಿದರು, ಚಂದ್ರನನ್ನು ನೋಡಿದರು. ಬಾಯಲ್ಲಿದ್ದದ್ದನ್ನು ಉಗುಳುತ್ತಾರೋ ನುಂಗುತ್ತಾರೋ ಎಂದು ಎಲ್ಲರೂ ಕಾದೆವು. ನುಂಗಿದರು. ಆಮೇಲೆ ಕ್ಲಾಸಿನಲ್ಲಿ ಪಾಠ ಮಾಡುವ ದನಿಯಲ್ಲಿ ಹೇಳಿದರು:

"ಗ್ರಹಣದಲ್ಲಿ ಊಟಕ್ಕೆ ಕೂರಬಾರದು ಅಂತ ಉಂಟು. ಕೂತವ ಅರ್ಧದಲ್ಲಿ ಏಳಬೇಕು ಅಂತ ನಾನೆಲ್ಲೂ ಓದಿಲ್ಲ. ಏಳಮ್ಮ, ಸಾರು ಬಡಿಸು. ಆರಿ ಹೋಗ್ತದೆ."

ರೋಹಿತ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟ, ಬೇಕಾಗಲಿಲ್ಲ. ಚಿಹಿರೋ ಕಣ್ಣೊರೆಸಿಕೊಂಡು ಸಾರು ಬಡಿಸಿದಳು. ಇವರು ಸುರ್ರನೆ ಹೀರಿದರು. ನಿಶಿಮುರಾ ಅದಕ್ಕಿಂತ ಜೋರಾಗಿ ಹೀರಿದರು. ನನಗೆ ಆ ಗಳಿಗೆಯಲ್ಲಿ ಇವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ನಲವತ್ತು ವರ್ಷದ ಸಂಸಾರದಲ್ಲಿ ಅಷ್ಟು ಬಂದ ನೆನಪಿಲ್ಲ.

ಬಡಿಸುತ್ತ ಬಡಿಸುತ್ತ ಚಿಹಿರೋ ನನ್ನ ಹತ್ತಿರ ಬಂದು ನಿಂತಳು. ಮುಂದಕ್ಕೆ ಹೋಗಲಿಲ್ಲ.

"ಅತ್ತೆ," ಎಂದಳು ಮೆಲ್ಲಗೆ, "ನೀವು ಊಟ ಮಾಡಲಿಲ್ಲ."

ಎಲ್ಲರ ಕಣ್ಣೂ ನನ್ನ ಬಟ್ಟಲಿನ ಮೇಲೆ ಬಿತ್ತು. ಅನ್ನ ಬಡಿಸಿದಂತೆಯೇ ಇತ್ತು. ಕೂತಾಗಿನಿಂದ ನಾನು ಬೆರಳಲ್ಲಿ ಕೆದಕುತ್ತಿದ್ದೆನೇ ಹೊರತು ಒಂದು ಅಗುಳನ್ನೂ ಬಾಯಿಗೆ ಹಾಕಿರಲಿಲ್ಲ. ಗ್ರಹಣವೆಂದು ಗೊತ್ತಿದ್ದೂ ಉಣ್ಣಲು ಕೈ ಏಳಲಿಲ್ಲ. ಗಂಡನಿಗೆ ಉಣ್ಣಿಸುವಾಗ ಇಲ್ಲದ ಭಯ ನನ್ನ ತುತ್ತಿಗೆ ಬಂದಿತ್ತು. ಫೋನಿನಲ್ಲಿ ಚಿಹಿರೋ ಕೇಳಿದ್ದು ಮಾವನ ಬಗ್ಗೆ ಮಾತ್ರ. ಅತ್ತೆಯ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ.

"ಓಹೋ" ಎಂದರು ಇವರು. "ನಂಗೆ ಬಡಿಸಿ ನೀನು ಉಪವಾಸವಾ?"

ಚಿಹಿರೋ ಸೌಟು ಹಿಡಿದು ಹಾಗೇ ನಿಂತಿದ್ದಳು, ಬೇಡ ಎಂದರೆ ಬಾಳೆಹಣ್ಣು ತರಲು ತಯಾರಾದವಳಂತೆ. ಕೃಷ್ಣಾ, ಲೆಕ್ಕ ಆಮೇಲೆ ನೋಡಿಕೊಳ್ಳೋಣ ಎಂದು ಮನಸ್ಸಿನಲ್ಲೇ ಹೇಳಿ, ಒಂದು ದೊಡ್ಡ ತುತ್ತು ಕಲಸಿ ಬಾಯಿಗಿಟ್ಟೆ.

"ಚೆನ್ನಾಗಿದೆಯಾ, ಅತ್ತೆ?"

ಉಪ್ಪು ಸ್ವಲ್ಪ ಕಡಿಮೆ ಇತ್ತು. ನಾನು ತಲೆಯಾಡಿಸಿ, ಇನ್ನೊಂದು ಸೌಟು ಹಾಕು ಎಂದು ಬಟ್ಟಲು ಮುಂದೆ ಹಿಡಿದೆ.